ತಿರುಗಿ ನೋಡದ ಹೆಂಗಸರು

ಬೇಸಿನ್ನಿಗೆ ಬಿರಡೆ ಇರಲಿಲ್ಲ. ಬಿರಡೆಯ ಸರಪಳಿ ಮಾತ್ರ ನಲ್ಲಿಗೆ ಜೋತುಬಿದ್ದಿತ್ತು, ತೀರಿಕೊಂಡವರ ಕೋಟು ಗೂಟದಲ್ಲಿ ನೇತಾಡುವ ಹಾಗೆ. ಲೇಖಕಿ ಒಂದು ಕಾಲುಚೀಲವನ್ನು ಉಂಡೆ ಮಾಡಿ ತೂತಿಗೆ ತುರುಕಿ ನೀರು ನಿಲ್ಲಿಸಿಕೊಂಡು, ಅದರ ಜೊತೆಯದನ್ನು ಸೋಪಿನ ಚೂರು ಹಚ್ಚಿ ಉಜ್ಜುತ್ತಿದ್ದಳು. ಊರೂರು ತಿರುಗುವವಳಿಗೆ ಇದು ಕೈಗೆ ಹತ್ತಿದ ವಿದ್ಯೆ. ಒಂದು ತೊಳೆಸಿಕೊಳ್ಳಬೇಕಾದರೆ ಇನ್ನೊಂದು ತೂತಿನಲ್ಲಿ ಕೂತಿರಬೇಕು. ಆಮೇಲೆ ತೊಳೆದದ್ದನ್ನು ತೂತಿಗಿಟ್ಟು ತೂತಿನಲ್ಲಿದ್ದದ್ದನ್ನು ತೊಳೆಯುವುದು ನ್ಯಾಯವೇನೋ ಹೌದು. ಆದರೆ ಬೆಳ್ಳಗಾದದ್ದನ್ನು ಮತ್ತೆ ಆ ಕೊಳೆಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಅವಳ ಪೆಟ್ಟಿಗೆಯಲ್ಲಿದ್ದ ಜೋಡಿಗಳಲ್ಲೆಲ್ಲ ಒಂದು ಬಿಳಿ, ಒಂದು ಬೂದು. ಬೂಟಿನೊಳಗಿನದು ಯಾರಿಗೆ ಕಾಣುತ್ತದೆ.

ಕೈ ಸೋಪಿನಲ್ಲಿದ್ದರೂ ತಲೆ ಕಾಗದ ಬರೆಯುತ್ತಿತ್ತು. 'ಪ್ರೀತಿಯ ಅತ್ತಿಗೆ, ನಿಮ್ಮ ಪತ್ರ ಕೈಸೇರಿ ಬಹಳ ದಿನವಾಯಿತು' ಎಂಬಲ್ಲಿಗೆ ಬಂದು ನಿಂತುಬಿಡುವ ಕಾಗದ ಅದು. ಎಷ್ಟೋ ಊರುಗಳ ಎಷ್ಟೋ ಬೇಸಿನ್ನುಗಳ ಮುಂದೆ ಅವಳು ಅದನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿದ್ದಾಳೆ. ಅತ್ತಿಗೆಯ ಕಾಗದ ಬಂದಾಗ ಸ್ವೆಟರ್ ಹಾಕಿಕೊಳ್ಳುವ ಚಳಿಯಿತ್ತು; ಈಗ ಫ್ಯಾನಿನ ಕೆಳಗೂ ಬೆವರು. ಅಷ್ಟೂ ಕಾಲ ಅದು ಅವಳ ಕೈಚೀಲದ ಒಳಜೇಬಿನಲ್ಲಿ, ಕನ್ನಡಕದ ಡಬ್ಬಿಗೂ ತಲೆನೋವಿನ ಮಾತ್ರೆಗೂ ನಡುವೆ ಕೂತು, ರೈಲು ಬಸ್ಸು ದೋಣಿ ಎಲ್ಲವನ್ನೂ ಹತ್ತಿ ಇಳಿದು, ಅತ್ತಿಗೆ ಹುಟ್ಟಿದಾಗಿನಿಂದ ನೋಡದಷ್ಟು ಊರು ನೋಡಿಬಿಟ್ಟಿತ್ತು. ಅದರ ಪಕ್ಕದಲ್ಲೇ ಉತ್ತರದ ಲಕೋಟೆ. ವಿಳಾಸ ಬರೆದು, ಸ್ಟಾಂಪು ಅಂಟಿಸಿ, ಮೊದಲ ವಾರವೇ ಸಿದ್ಧವಾದದ್ದು. ಒಳಗೆ ಹಾಕುವುದೊಂದು ಬಾಕಿ.

ಅತ್ತಿಗೆಯ ಕಾಗದದಲ್ಲಿ ಗುಟ್ಟೇನೂ ಇರಲಿಲ್ಲ. ಒಂದೇ ಮಗ್ಗುಲಿಗೆ ಮುಗಿದುಹೋಗುವಷ್ಟು: 'ಹದಿನೈದು ದಿನ ನೀನು ಬಂದು ನಿಮ್ಮಣ್ಣನ್ನ ನೋಡ್ಕೋ. ನಾನು ಸ್ವಲ್ಪ ಹೊರಗೆ ಹೋಗಿಬರಬೇಕು. ಎಲ್ಲಿಗೆ ಅಂತ ಕೇಳಬೇಡ, ಗೊತ್ತಾದರೆ ಇವರು ಅಲ್ಲಿಗೂ ಫೋನ್ ಮಾಡಿಸ್ತಾರೆ. ಯಾವಾಗ ಬರ್ತೀಯ ಅಂತ ನೀನೇ ಹೇಳು. ಫೋನಿನಲ್ಲಿ ಬೇಡ, ನೀನು ಮಾತಾಡಿ ಗೆದ್ದುಬಿಡ್ತೀಯ. ಬರೆದು ಕಳಿಸು. ಬರಹದಲ್ಲಿ ಇಲ್ಲದ್ದನ್ನ ಇವರು ನಂಬೋಲ್ಲ. ನನಗೇನು ಅವಸರ ಇಲ್ಲ.'

ಈ ಕೊನೆಯ ಮಾತೇ ಲೇಖಕಿಗೆ ಬಲೆಯಾದದ್ದು. ಅವಸರ ಇಲ್ಲ ಎಂದವರಿಗೆ ಅವಸರವಾಗಿ ಉತ್ತರ ಕೊಡುವುದು ಅವರ ಮಾತಿಗೆ ಅಗೌರವ ತೋರಿದಂತಲ್ಲವೇ ಎಂದು ಅವಳು ತನಗೇ ಬಹಳ ಚೆನ್ನಾಗಿ ವಾದಿಸಿ ತೋರಿಸಿದ್ದಳು. ಅದೂ ಅಲ್ಲದೆ, ಹೊರಗೆ ಹೋಗಬೇಕಂತೆ, ಎಲ್ಲಿಗೆಂದು ಹೇಳಲಾರರಂತೆ! ಲೇಖಕಿ ಬರೆದ ಜೀವನಚರಿತ್ರೆಗಳ ಹೆಂಗಸರೆಲ್ಲ ಹೊರಗೆ ಹೋದವರೇ. ಆರು ಸಂಪುಟಗಳ ತುಂಬ ಅವರೇ. ಒಬ್ಬಳು ವೈದ್ಯ ಕಲಿಯಲು ಹೋದಳು, ಒಬ್ಬಳು ಪತ್ರಿಕೆ ನಡೆಸಲು ಹೋದಳು, ಒಬ್ಬಳು ಜೈಲಿಗೇ ಹೋದಳು. ಪ್ರತಿಯೊಬ್ಬಳಿಗೂ ಒಂದು ಉದ್ದೇಶವಿತ್ತು, ಪ್ರತಿಯೊಬ್ಬಳ ಬೆನ್ನ ಹಿಂದೆಯೂ ಒಂದು ಬಾಗಿಲಿತ್ತು. 'ಅವಳು ಬಾಗಿಲು ಮುಚ್ಚಿದಳು. ತಿರುಗಿ ನೋಡಲಿಲ್ಲ.' ಈ ಮಾತು ಬಾರದ ಪುಸ್ತಕ ಅವಳು ಬರೆದಿಲ್ಲ. ವಿಮರ್ಶಕರು ಅದನ್ನು ಅವಳ ಮುದ್ರೆ ಎಂದು ಕರೆದಿದ್ದರು. ಅತ್ತಿಗೆಯ ಹತ್ತಿರ ಏನಿತ್ತು? ವೈದ್ಯವಿಲ್ಲ, ಪತ್ರಿಕೆಯಿಲ್ಲ. ಹದಿನೈದು ದಿನ ಹೋಗಿ, ತಿರುಗಿ ಬೇರೆ ಬರುವವರು. ಇಂಥ ಹೋಗುವಿಕೆಗೆ ಒಂದು ಅಧ್ಯಾಯವಿರಲಿ, ಒಂದು ಅಡಿಟಿಪ್ಪಣಿಯೂ ಏಳುವುದಿಲ್ಲ.

ಫೋನಿನಲ್ಲಿ ಅತ್ತಿಗೆ ಆ ಕಾಗದದ ಮಾತೇ ಎತ್ತುತ್ತಿರಲಿಲ್ಲ. ಅಣ್ಣನ ಹೊಟ್ಟೆ, ಅಣ್ಣನ ನಿದ್ದೆ, ಎದುರುಮನೆಯವರ ನಾಯಿ, ಇಷ್ಟಾದ ಮೇಲೆ, 'ಪೋಸ್ಟ್‌ಮ್ಯಾನ್ ಬಂದ ಹಾಗಿದೆ, ಇಡ್ತೀನಮ್ಮ' ಎಂದು ಇಟ್ಟುಬಿಡುತ್ತಿದ್ದರು. ಬೆಳಿಗ್ಗೆ ಮಾಡಿದರೂ ಪೋಸ್ಟ್‌ಮ್ಯಾನ್, ದೀಪ ಹಚ್ಚುವ ಹೊತ್ತಿಗೆ ಮಾಡಿದರೂ ಪೋಸ್ಟ್‌ಮ್ಯಾನ್. ಒಂದು ಭಾನುವಾರವೂ ಅವನು ಬಂದಿದ್ದ. ಲೇಖಕಿ ಅದನ್ನು ಚುಚ್ಚುಮಾತು ಎಂದೇ ತಿಳಿದು, ಮನಸ್ಸಿಗೆ ಹಚ್ಚಿಕೊಂಡು, ಫೋನು ಮಾಡುವುದನ್ನೇ ಕಡಿಮೆ ಮಾಡಿದ್ದಳು. ಚುಚ್ಚಿಸಿಕೊಂಡವರಿಗೂ ಒಂದು ಮರ್ಯಾದೆ ಎಂಬುದಿರುತ್ತದಲ್ಲ.

ಕಾಲುಚೀಲ ಹಿಂಡುವಾಗ ಮಣಿಕಟ್ಟಿನ ಗಡಿಯಾರ ಮೊಣಕೈವರೆಗೆ ಜಾರಿ ಬಂತು. ಯಾವುದೋ ಸಂಘದವರು ಸನ್ಮಾನದಲ್ಲಿ ಕೊಟ್ಟದ್ದು, ಪಟ್ಟಿ ದೊಡ್ಡದು. ಹೀಗೇ ಹಿಂಡುತ್ತ ನಿಂತಿದ್ದರು ಅತ್ತಿಗೆ ಕಳೆದ ಸಲ ಅವಳು ಹೋದಾಗ, ಅಣ್ಣನ ಹಾಸಿಗೆಯ ಮೇಲುಹೊದಿಕೆಯನ್ನು. ಅಣ್ಣ ಅಳತೆಯ ಇಲಾಖೆಯಲ್ಲಿದ್ದವನು. ಬೇರೆಯವರ ಗಡಿಕಲ್ಲು ಹುಡುಕುತ್ತಲೇ ನೌಕರಿ ಮುಗಿಸಿ, ಮನೆಗೆ ಬಂದು ಕೂತ ಮೇಲೆ ಬಲಭಾಗ ಬಿದ್ದುಹೋಯಿತು. ನಾಲಗೆಯ ಮೊನೆ ಮಾತ್ರ ಬೀಳಲಿಲ್ಲ. 'ಬಾಮ್ಮ, ಪ್ರವಾಸಿ' ಎಂದಿದ್ದ, ಅವಳಿನ್ನೂ ಬಾಗಿಲಲ್ಲಿರುವಾಗಲೇ. ಹಾಗೆ ಕರೆಯುವುದು ಅವನಿಗೆ ಹಳೆಯ ಚಾಳಿ. ಅವಳು ಕೂತಲ್ಲಿಂದ ಕಾಲ ಚಪ್ಪಲಿ ಜಾರಿ ಅವನ ಮಂಚದ ಕೆಳಗೆ ಹೋಗಿ, ಅದನ್ನು ತೆಗೆಯಲು ಬಗ್ಗಿದಾಗ ಕಂಡದ್ದು: ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮೂರು ಮೂರರಂತೆ ಅವಳ ಆರೂ ಸಂಪುಟಗಳು. ತಲೆಭಾಗ ಎತ್ತರಿಸಿ ಅಂತ ಡಾಕ್ಟರು ಹೇಳಿದ್ರಲ್ಲ, ಇಟ್ಟಿಗೆ ಸಮನಾಗಿ ಕೂರಲಿಲ್ಲ, ಇವು ನೋಡು ಒಂದೇ ದಪ್ಪ, ಗಟ್ಟಿ ರಟ್ಟು, ಎಂದು ಅತ್ತಿಗೆ ಮೆಚ್ಚಿಕೊಂಡೇ ಹೇಳಿದ್ದರು. 'ಎಲ್ಲರ ಬದುಕೂ ಅದು ಹೇಗೆ ಒಂದೇ ಅಳತೆಗೆ ಬರುತ್ತೆ ನಿನಗೆ?' ಎಂದಿದ್ದ ಅಣ್ಣ, ಮೇಲಿನಿಂದ. ಮಂಚದ ಎಡಗಾಲಿನ ಕೆಳಗೆ, ಎಲ್ಲಕ್ಕಿಂತ ಅಡಿಯಲ್ಲಿ ಇದ್ದದ್ದು ಮೂರನೆಯ ಸಂಪುಟ. ಅದರ ಮೊದಲ ಪುಟದಲ್ಲಿ 'ಮನೆಯಲ್ಲಿ ಉಳಿದು ನನ್ನನ್ನು ಹೊರಗೆ ಕಳಿಸಿದ ಅತ್ತಿಗೆಗೆ' ಎಂದು ಅಚ್ಚಾಗಿತ್ತು. ಅರ್ಪಣೆ ಬರೆದ ದಿನ ಅವಳಿಗೆ ಕಣ್ಣು ತುಂಬಿ ಬಂದಿತ್ತು, ಮತ್ತು ಏನೋ ತೀರಿಸಿದ ಹಾಗೆ ಹಗುರಾಗಿತ್ತು. ಅಮ್ಮ ಮಲಗಿದಲ್ಲೇ ಇದ್ದ ವರ್ಷಗಳಲ್ಲಿ ಅವಳು ಎರಡನೆಯ ಸಂಪುಟದ ಹೆಂಗಸಿನ ಊರಿನಲ್ಲಿದ್ದಳು. ಅಮ್ಮನ ತಲೆ ಬಾಚಿದ್ದು, ಉಗುರು ತೆಗೆದದ್ದು, ಕೊನೆಗೆ ಬಾಯಿಗೆ ಚಮಚದಲ್ಲಿ ನೀರು ಬಿಟ್ಟದ್ದು, ಎಲ್ಲ ಅತ್ತಿಗೆ.

ಆ ಚಪ್ಪಲಿ ಜಾರಿದ ದಿನವೇ, ಅದಾದ ಸ್ವಲ್ಪಕ್ಕೆ, ಅತ್ತಿಗೆ ಸ್ನಾನಕ್ಕೆ ಹೋಗಿದ್ದರು. ಅಣ್ಣ 'ಬೆನ್ನು' ಎಂದ. ಅವಳು ತುರಿಸಿದಳು. ಅಲ್ಲ ಎಂದ. ಮೇಲೆ ಎಂದ, ಕೆಳಗೆ ಎಂದ, ನನ್ನ ಬೆನ್ನಿನಲ್ಲಿ ನೀನು ಯಾವ ಜಿಲ್ಲೆಯಲ್ಲಿದೀಯ ಎಂದ. ಅವಳು ನಕ್ಕಳು, ನಗುತ್ತಿದ್ದಾಗಲೇ ಅವನ ಮುಖ ಬೇರೆಯಾಗಿ, ಬೇಗ, ಬೆಡ್‌ಪ್ಯಾನ್ ಎಂದ. ಲೇಖಕಿ ಎದ್ದಳು. ಎದ್ದವಳು ಅದನ್ನು ಹುಡುಕಲು ಹೋಗುವವಳ ಹಾಗೆ ಕೋಣೆ ದಾಟಿ, ಹಜಾರ ದಾಟಿ, ಬಾಲ್ಕನಿಗೆ ಹೋಗಿ, ಒಣಗಲು ಹಾಕಿದ್ದ ಹೊದಿಕೆಯ ಹಿಂದೆ ನಿಂತುಬಿಟ್ಟಳು. ಒಳಗಿನಿಂದ ಅಣ್ಣ ಅವಳನ್ನು ಹೆಸರು ಹಿಡಿದು ಕೂಗಿದ. ಎಷ್ಟೋ ವರ್ಷಗಳಿಂದ ಕೂಗದ ಹೆಸರು. ಅವಳು ಒದ್ದೆ ಬಟ್ಟೆಗೆ ಕೆನ್ನೆ ತಾಗಿಸಿಕೊಂಡು, ಕೇಳಿಸದವಳಂತೆ ಬೀದಿ ನೋಡುತ್ತ ನಿಂತಳು. ಅತ್ತಿಗೆ ತಲೆಯಿಂದ ನೀರು ಸುರಿಯುತ್ತಲೇ ಓಡಿ ಬಂದ ಸದ್ದು ಕೇಳಿದ ಮೇಲೆ ಒಳಗೆ ಬಂದು, 'ಎಲ್ಲಿತ್ತು? ನಾನು ಎಲ್ಲ ಕಡೆ ನೋಡಿದೆ' ಎಂದಳು. ಮಂಚದ ಕೆಳಗೇ ಇತ್ತು, ಆರು ಸಂಪುಟಗಳ ಮಧ್ಯದಲ್ಲಿ. ಈಗಷ್ಟೇ ಚಪ್ಪಲಿಗಾಗಿ ಬಗ್ಗಿದವಳು ಅವಳೇ. ಅಣ್ಣ ಗೋಡೆಯ ಕಡೆ ತಿರುಗಿದ್ದ. ಅತ್ತಿಗೆ ಮಾತ್ರ ಅವಳ ಮುಖವನ್ನು ಒಂದು ಕ್ಷಣ ನೋಡಿದರು, ಅಕ್ಕಿಯಲ್ಲಿ ಕಲ್ಲು ಕಂಡಾಗ ನೋಡುವ ಹಾಗೆ, ಕೋಪವಿಲ್ಲದೆ. ಇಷ್ಟೆಲ್ಲ ಕಂಡೂ ಆಮೇಲೆ ಆ ಕಾಗದ ಬರೆದವರು ಅವರು. ಬೇರೆ ಯಾರೂ ಇರಲಿಲ್ಲವೇನೋ. ಇಲ್ಲವೇ ಇದು ಪರೀಕ್ಷೆಯೇನೋ. ಪರೀಕ್ಷೆ ಎಂದುಕೊಂಡರೆ ಸಿಟ್ಟು ಮಾಡಿಕೊಳ್ಳಲು ಅನುಕೂಲವಾಗುತ್ತಿತ್ತು. ಬೇರೆ ಯಾರೂ ಇಲ್ಲ ಎಂದುಕೊಂಡರೆ ಆಗುತ್ತಿರಲಿಲ್ಲ.

ಕದ ತಟ್ಟಿದ ಸದ್ದಾಗಿ ಲೇಖಕಿ ಕಾಲುಚೀಲವನ್ನು ದಿಂಬಿನ ಕೆಳಗೆ ಬಚ್ಚಿಟ್ಟಳು. ಅವಳು ಅತಿಥಿಯಾಗಿ ಇಳಿದುಕೊಂಡಿದ್ದ ಶಾಲೆಯ ಹೆಡ್‌ಮಿಸ್ಟ್ರೆಸ್ ಬಂದಿದ್ದರು. ಇದು ಹೆಣ್ಣುಮಕ್ಕಳ ಶಾಲೆ. ಇದನ್ನು ಕಟ್ಟಿದವಳೇ ಏಳನೆಯ ಸಂಪುಟದ ನಾಯಕಿ. ಇಲ್ಲಿ ಎಲ್ಲರೂ ಅವಳನ್ನು ಸ್ಥಾಪಕಿ ಎನ್ನುತ್ತಾರೆ. ನೂರು ವರ್ಷಕ್ಕೂ ಹಿಂದೆ ಗಂಡನ ಮನೆ ಬಿಟ್ಟು, ನದಿ ದಾಟಿ ಬಂದು, ಹಾಳುಬಿದ್ದ ಉಗ್ರಾಣವೊಂದರಲ್ಲಿ ಹುಡುಗಿಯರಿಗೆ ಅಕ್ಷರ ಕಲಿಸಿದವಳು. ಅವಳ ಬಗ್ಗೆ ಲೇಖಕಿ ಪತ್ರಿಕೆಯೊಂದರಲ್ಲಿ ಮೊದಲೇ ಒಂದು ಲೇಖನ ಬರೆದಿದ್ದಳು, ಊರನ್ನು ನೋಡುವ ಮುಂಚೆಯೇ. ಹೆಡ್‌ಮಿಸ್ಟ್ರೆಸ್ ಅದನ್ನು ಓದಿ ಪುಳಕಗೊಂಡು, ಅದರ ಸಾಲನ್ನೇ ಕಲ್ಲಿನಲ್ಲಿ ಕೊರೆಸಿ ಗೇಟಿನ ಮೇಲೆ ಕೂರಿಸಿದ್ದರು. ನಾಳೆ ಅದರ ಪರದೆ ಸರಿಸುವ ಕಾರ್ಯಕ್ರಮ, ಲೇಖಕಿಯ ಕೈಯಿಂದಲೇ. ಈಗಲೇ ಒಂದು ಚೂರು ತೋರಿಸುತ್ತೇನೆಂದು ಗೇಟಿಗೆ ಕರೆದೊಯ್ದು ಪರದೆಯ ಮೂಲೆ ಎತ್ತಿದರು. 'ತಿರುಗಿ ನೋಡಲಿಲ್ಲ' ಎಂಬುದು ಕಂಡಿತು. ತನ್ನ ವಾಕ್ಯ ಕಲ್ಲಾದದ್ದನ್ನು ನೋಡಿ ಲೇಖಕಿಗೆ ಮೈ ಜುಮ್ಮೆಂದಿತು. ಕಾಗದದ ಮೇಲೆ ಇಷ್ಟು ಚೆನ್ನಾಗಿ ಕಂಡಿರಲಿಲ್ಲ.

ಆಮೇಲೆ ಸ್ಥಾಪಕಿಯ ಕೋಣೆ. ಲೇಖಕಿಗೆ ಕೆಲಸ ಮಾಡುವ ತನ್ನದೇ ರೀತಿಯೊಂದಿತ್ತು. ತಾನು ಬರೆಯಲಿರುವ ಹೆಂಗಸು ಕೂರುತ್ತಿದ್ದ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂರುವುದು. ಮುಟ್ಟುತ್ತಿದ್ದ ಬಾಗಿಲಿಗೆ ಅಂಗೈ ಊರಿ ನಿಲ್ಲುವುದು. ದಾಖಲೆ ಹೇಳದ್ದನ್ನು ಮರ ಹೇಳುತ್ತದೆ ಎಂದು ಅವಳು ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು. ಕುರ್ಚಿಯಲ್ಲಿ ಕೂತಳು, ಕಣ್ಣು ಮುಚ್ಚಿದಳು. ಮೊದಲ ವಾಕ್ಯ ಬಾಯಿಗೇ ಬಂದುಬಿಟ್ಟಿತು: 'ಈ ತೋಳುಗಳ ಮೇಲೆ ಅವಳು ತನ್ನ ಒಂಟಿತನವನ್ನು ಊರಿದ್ದಳು.' ಹೆಡ್‌ಮಿಸ್ಟ್ರೆಸ್ ಸಂಕೋಚದಿಂದ ಕೆಮ್ಮಿ, ಹಳೇದು ಮುರಿದುಹೋಯ್ತು ಮೇಡಂ, ಇದು ಹಾಗೇ ಕಾಣಲಿ ಅಂತ ಹೋದ ವರ್ಷ ಮಾಡಿಸಿದ್ದು, ತೋಳು ಇಡಿಸಿದ್ದು ನಾನೇ, ಎಂದರು. ಲೇಖಕಿ ಕಣ್ಣು ತೆರೆದು, ಭಾವ ಮುಖ್ಯ ಎಂದಳು. ವಾಕ್ಯವನ್ನೇನೂ ಹೊಡೆದುಹಾಕಲಿಲ್ಲ. ಬಂದ ವಾಕ್ಯವನ್ನು ಹಿಂದಕ್ಕೆ ಕಳಿಸುವುದು ಅವಳ ಪದ್ಧತಿಯಲ್ಲ.

ಮಧ್ಯಾಹ್ನ ಸೇತುವೆ ದಾಟಿ ಆಚೆ ದಡಕ್ಕೆ ಹೋದಳು, ಸ್ಥಾಪಕಿ ಬಿಟ್ಟುಬಂದ ಮನೆಗೆ. ಒಂದು ಕಾಲಿಗೆ ಇನ್ನೂ ಹಸಿಯಾದ ಚೀಲ, ಇನ್ನೊಂದಕ್ಕೆ ನಿನ್ನೆಯದು. ನಡೆದರೆ ಬೂಟೊಂದು ಪಿಚಪಿಚ ಎನ್ನುತ್ತಿತ್ತು. ಆ ಮನೆಯಲ್ಲಿ ಈಗಿರುವವರು ನಿವೃತ್ತ ಹಲ್ಲಿನ ಡಾಕ್ಟರು, ಸ್ಥಾಪಕಿಯ ಓರಗಿತ್ತಿಯ ಮೊಮ್ಮಗಳು. ಗಿಡ್ಡ ಕೂದಲಿನ, ದಪ್ಪ ಬೆರಳುಗಳ ಹೆಂಗಸು. ಎದುರಿನವರು ಮಾತಾಡುವಾಗ ಕಣ್ಣು ನೋಡದೆ ಬಾಯಿಯೊಳಗೆ ನೋಡುವ ಅಭ್ಯಾಸ. ಬೆಲ್ಲು ಒತ್ತಿದರೂ ಯಾರೂ ಬರುವ ಸೂಚನೆ ಕಾಣದೆ, ಲೇಖಕಿ ಬಾಗಿಲಿಗೆ ಎರಡೂ ಅಂಗೈ ಊರಿ, ಹಣೆಯನ್ನೂ ತಾಗಿಸಿ, ಕಣ್ಣು ಮುಚ್ಚಿ ನಿಂತಿದ್ದಳು. ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಡಾಕ್ಟರು ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದಳು.

"ತಲೆ ಸುತ್ತುತ್ತಾ?" ಎಂದರು ಡಾಕ್ಟರು.

ಲೇಖಕಿ ತನ್ನ ರೀತಿಯನ್ನು ವಿವರಿಸಿದಳು. ಮರ, ಸ್ಪರ್ಶ, ಆ ಮುಂಜಾವು, ಮುಚ್ಚಿದ ಈ ಬಾಗಿಲು. ಡಾಕ್ಟರು ಅವಳ ಬಾಯಿಯನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡರು. ಕುರ್ಚಿ ತೋರಿಸಿ ಕೂರಿಸಿದರು. ನೀರು ಕೊಟ್ಟರು.

"ಬಾಗಿಲು ಇರ್ಲಿಲ್ಲ," ಎಂದರು.

"ಅಂದ್ರೆ?"

"ಅವಳು ಹೋದ ದಿನ ಈ ಮನೆಗೆ ಬಾಗಿಲೇ ಇರ್ಲಿಲ್ಲ. ಗೆದ್ದಲು ಹಿಡಿದಿದೆ ಅಂತ ಬಡಗಿ ಕಳಚಿಕೊಂಡು ಹೋಗಿದ್ದ. ಗೋಣಿಪರದೆ ಕಟ್ಟಿದ್ರು. ಅದನ್ನ ಸರಿಸಿಕೊಂಡು ಹೋದಳು. ಮುಚ್ಚೋದಕ್ಕೆ ಏನಿತ್ತು ಅಲ್ಲಿ?"

ಲೇಖಕಿ ಗೇಟಿನ ಮೇಲಿನ ಕಲ್ಲನ್ನು ನೆನೆದಳು. ಅರ್ಧ ಹೋಯಿತು. ಉಳಿದರ್ಧವನ್ನಾದರೂ ಉಳಿಸಿಕೊಳ್ಳುವ ಆಸೆಯಿಂದ, ತಿರುಗಿಯಂತೂ ನೋಡಲಿಲ್ಲವಲ್ಲ ಎಂದು ಕೇಳಿದಳು.

"ನೋಡೋದೇನು, ತಿರುಗಿ ಬಂದಳು. ಕನ್ನಡಕ ಮರೆತಿದ್ದಳು. ಅದಿಲ್ಲದೆ ಪಾಠ ಮಾಡೋದು ಹೇಗೆ? ನಮ್ಮಜ್ಜಿ ಮನೆಯೆಲ್ಲ ಹುಡುಕಿ ಕೊಟ್ಟಳಂತೆ. ಕೂರಿಸಿ ಊಟ ಹಾಕಿ, ಕತ್ತಲಾಗೋದ್ರೊಳಗೆ ಹೋಗಿ ಸೇರ್ಕೋ, ಮಗೂನ ನಾನು ನೋಡ್ಕೋತೀನಿ ಅಂತ ಕಳಿಸಿದಳಂತೆ."

ಮಗುವಿನ ವಿಷಯ ಲೇಖಕಿಗೆ ಗೊತ್ತಿತ್ತು. ಇನ್ನೂ ಮಾತು ಬಾರದ ಒಂದು ಹೆಣ್ಣುಕೂಸನ್ನು ಸ್ಥಾಪಕಿ ಬಿಟ್ಟು ಬಂದಿದ್ದಳು. ಲೇಖನದಲ್ಲಿ 'ಕರುಳನ್ನು ಕಿತ್ತಿಟ್ಟು' ಎಂದು ಅದಕ್ಕೊಂದು ಮಾತು ಬರೆದು, ಮುಂದಿನ ಪ್ಯಾರಾಕ್ಕೆ ಹೋಗಿದ್ದಳು. ಕಿತ್ತಿಟ್ಟದ್ದನ್ನು ಎಲ್ಲಿಟ್ಟಳು, ಅದಕ್ಕೆ ಹಾಲು ಕಾಯಿಸಿದವರು ಯಾರು ಎಂಬುದು ಲೇಖನದ ಓಟಕ್ಕೆ ಅಡ್ಡಿ.

ಡಾಕ್ಟರು ಅವಳನ್ನು ಮಹಡಿಗೆ ಕರೆದೊಯ್ದು ಒಂದು ಕಿಟಕಿ ತೆರೆದರು. ನದಿಯಾಚೆ ಶಾಲೆಯ ಹೆಂಚಿನ ಸೂರು, ಅದರ ಪಕ್ಕಕ್ಕೆ ಅತಿಥಿ ಕೋಣೆಯ ಕಿಟಕಿ. ಸರಳಿಗೆ ಅವಳದೇ ಒಂದು ಕಾಲುಚೀಲ ಸಿಕ್ಕಿಸಿದ್ದು ಕೂಡ ಚುಕ್ಕಿಯ ಹಾಗೆ ಕಾಣುವಷ್ಟು ಹತ್ತಿರ. ಅಜ್ಜಿಗೆ ಆ ಶಾಲೆ ಒಳಗಿನಿಂದ ಹೇಗಿದೆ ಎಂದು ನೋಡುವ ಆಸೆಯಿತ್ತಂತೆ. ಒಂದೇ ಒಂದು ದಿನ ನೀನು ಬಂದು ಮಗು ಹತ್ತಿರ, ಅತ್ತೆ ಹತ್ತಿರ ಕೂತಿರು, ನಾನು ಹೋಗಿ ನೋಡಿ ಬರ್ತೀನಿ ಎಂದು ಸ್ಥಾಪಕಿಗೆ ಹೇಳಿ ಕಳಿಸಿದ್ದಳಂತೆ. ಮುಂದಿನ ವಾರ ಬರ್ತೀನಿ ಎಂದು ಉತ್ತರ ಬಂತಂತೆ.

"ಬಂದ್ರಾ?" ಎಂದಳು ಲೇಖಕಿ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಗಳಲ್ಲಿ ಅವಳು ಪಳಗಿದವಳು.

"ಸುಳ್ಳು ಹೇಳ್ಲಿಲ್ಲ ಪಾಪ. ಬರಬೇಕು ಅಂತಲೇ ಇತ್ತು. ಕೆಲಸ. ದೊಡ್ಡ ಕೆಲಸ ಅಲ್ವಾ ಅದು? ಮಗು ದೊಡ್ಡದಾಗಿ ಅದೇ ಶಾಲೆಗೆ ಹೋಯ್ತು. ಅಜ್ಜಿ ಜಡೆ ಹಾಕಿ ಕಳಿಸ್ತಿದ್ದಳು."

"ಅಜ್ಜಿಗೆ ಬೇಜಾರಿತ್ತಾ?"

"ಬೇಜಾರು ಅಂತ ಏನೂ ಇಲ್ಲ. ಸೇತುವೆ ಮೇಲೆ ಆ ಕಡೆಯಿಂದ ಹೆಂಗಸರು ಯಾರಾದ್ರೂ ಬರೋದು ಕಂಡ್ರೆ ಕೈ ಒರೆಸಿಕೊಂಡು ಎದ್ದು ನಿಲ್ತಿದ್ದಳು. ಅಷ್ಟೇ. ಮುದುಕಿ ಆದ್ಮೇಲೂ. ನಾನೇ ನೋಡಿದೀನಿ. ಆಗ ನಿಮ್ಮ ಸ್ಥಾಪಕಿ ಸತ್ತು ಎಷ್ಟೋ ವರ್ಷ ಆಗಿತ್ತು."

ಲೇಖಕಿಯ ತಲೆಯಲ್ಲಿ ಮೊದಲು ಎದ್ದದ್ದು, ಹೇಳಲು ನಾಚಿಕೆ, ಒಂದು ಶೀರ್ಷಿಕೆ. 'ಸೇತುವೆಯ ಆಚೆ'. ಎಂಥ ಅಧ್ಯಾಯ! ಕಿಟಕಿ, ಹೆಂಚಿನ ಸೂರು, ಒರೆಸಿದ ಕೈ. ಸ್ಥಾಪಕಿಯನ್ನೇ ಬಿಟ್ಟು ಓರಗಿತ್ತಿಯ ಮೇಲೆ ಒಂದು ಸಂಪುಟ ಬರೆದರೆ ವಿಮರ್ಶಕರು ಹೊಸ ದಿಕ್ಕು ಎನ್ನುತ್ತಾರೆ. ಆ ಅಜ್ಜಿಯೂ ಸತ್ತಿದ್ದಾಳೆ, ಅನುಕೂಲ. ಸತ್ತವರು ಹದಿನೈದು ದಿನ ಬಾ ಎನ್ನುವುದಿಲ್ಲ. ಹೀಗೆ ಅಧ್ಯಾಯ ಸರಸರ ಬೆಳೆಯುತ್ತ ಇದ್ದಾಗಲೇ, ಅದರೊಳಗಿನಿಂದ ಸ್ಪಷ್ಟವಾಗಿ ಅತ್ತಿಗೆಯ ದನಿ ಕೇಳಿತು: ಪೋಸ್ಟ್‌ಮ್ಯಾನ್ ಬಂದ ಹಾಗಿದೆ, ಇಡ್ತೀನಮ್ಮ. ಭಾನುವಾರ. ಗೇಟಿನ ಸದ್ದಾದರೆ ಸಾಕು, ಎದುರುಮನೆಯ ನಾಯಿ ನುಗ್ಗಿದರೂ ಸಾಕು. ಚುಚ್ಚಿದ್ದಲ್ಲ ಅದು. ಫೋನು ಕೈಯಲ್ಲಿ ಹಿಡಿದೇ ಅವರು ಎದ್ದು ನಿಂತಿರಬೇಕು, ಇನ್ನೊಂದು ಕೈ ಒರೆಸಿಕೊಳ್ಳುತ್ತ. ಮಾತಾಡುತ್ತಿರುವವಳು ಇವಳೇ, ಕಾಯುತ್ತಿರುವುದು ಇವಳ ಕಾಗದಕ್ಕೇ. ಕಾಗದಕ್ಕೆ ದಾರಿಯಾಗಲಿ ಎಂದು ಇವಳ ಮಾತನ್ನೇ ಕತ್ತರಿಸಿ ಓಡುತ್ತಿದ್ದರು.

"ಬಲಗಡೆ ಕೆಳಗಿನ ದವಡೆಹಲ್ಲು," ಎಂದರು ಡಾಕ್ಟರು ಇದ್ದಕ್ಕಿದ್ದಂತೆ. "ಅಲ್ಲಾಡ್ತಿದೆ ಅಲ್ವಾ? ಎಡಗಡೆಯಲ್ಲೇ ಅಗಿದು ಕಾಲ ಹಾಕ್ತಿದೀರಿ. ಬಹಳ ದಿನದಿಂದ ಮುಂದೂಡಿದ ಹಲ್ಲು ಅದು."

ಲೇಖಕಿ ಬಾಯಿ ಮುಚ್ಚಿಕೊಂಡಳು. ಬೀಳ್ಕೊಡುವಾಗ ಡಾಕ್ಟರು ಬಾಗಿಲನ್ನು ತಟ್ಟಿ, ಇದು ನಮ್ಮಪ್ಪ ಹಾಕಿಸಿದ್ದು, ಇದರ ಮೇಲೂ ಏನಾದರೂ ಬರೀರಿ, ಮರ ಒಳ್ಳೇದು, ಎಂದರು.

ಶಾಲೆಗೆ ಮರಳಿ, ಸ್ಥಾಪಕಿಯ ಕೋಣೆಯಲ್ಲಿ, ಹೋದ ವರ್ಷದ ಕುರ್ಚಿಯಲ್ಲಿ ಕೂತು, ಲೇಖಕಿ ಕಾಗದ ಎಳೆದುಕೊಂಡಳು. 'ಪ್ರೀತಿಯ ಅತ್ತಿಗೆ, ನಿಮ್ಮ ಪತ್ರ ಕೈಸೇರಿ ಬಹಳ ದಿನವಾಯಿತು. ಇಂದು ನದಿಯೊಂದರ ದಡದಲ್ಲಿ, ಒಂದು ಕಿಟಕಿಯ ಎದುರು ನಿಂತಾಗ ನನಗೆ ಹೊಳೆಯಿತು—' ಹರಿದಳು. ಇನ್ನೊಂದರಲ್ಲಿ ಅತ್ತಿಗೆಯ ತ್ಯಾಗದ ಬಗ್ಗೆ ಎಷ್ಟು ಸೊಗಸಾದ ಮಾತುಗಳು ಕೂಡಿಬಂದವೆಂದರೆ, ಅತ್ತಿಗೆ ತೀರಿಹೋಗಿದ್ದಾರೇನೋ ಎಂದು ಅವಳಿಗೇ ಗಾಬರಿಯಾಯಿತು. ಅದನ್ನೂ ಹರಿದಳು. ಬರೆದದ್ದೆಲ್ಲ ಪುಸ್ತಕವಾಗುತ್ತಿತ್ತು, ಬರುತ್ತೇನೆ ಎಂಬ ಒಂದು ಮಾತು ಮಾತ್ರ ಬರುತ್ತಿರಲಿಲ್ಲ. ಬರುವ ತಿಂಗಳಿಗೆ ರೈಲಿನ ಟಿಕೆಟ್ ಆಗಿತ್ತು, ಬಲೂನಿನಲ್ಲಿ ಹಾರಿದ ಮೊದಲ ಹೆಂಗಸಿನ ಊರಿಗೆ. ಅಲ್ಲಿಯ ಸಂಗ್ರಹಾಲಯದವರು ಬಲೂನಿನ ಬುಟ್ಟಿಯಲ್ಲಿ ಕೂರಲು ಬಿಡುತ್ತೇವೆ ಎಂದಿದ್ದರು. ಕೊನೆಗೆ, ಮಾತಾಡುವ ಹಾಗೆ ಬರೆದಳು. ಅವಳು ಹಾಗೆ ಬರೆದು ಎಷ್ಟು ವರ್ಷವಾಗಿತ್ತೆಂದರೆ ಅಕ್ಷರಗಳು ಕೂಡ ಹುಡುಗಿಯರು ಬರೆದ ಹಾಗೆ ದುಂಡಗಾದವು:

'ಅತ್ತಿಗೆ, ಒಂದನೇ ತಾರೀಕು ಬರ್ತೀನಿ. ನೀವು ಹೋಗಿ. ಎಲ್ಲಿಗೆ ಅಂತ ಕೇಳೋಲ್ಲ. ಅವತ್ತು ನಾನು ಬಾಲ್ಕನಿಯಲ್ಲಿದ್ದೆ, ಕೇಳಿಸಿತ್ತು. ನನಗೆ ಕೈಲಾಗುತ್ತೋ ಇಲ್ಲವೋ ಗೊತ್ತಿಲ್ಲ. ಬೆನ್ನು ಎಲ್ಲಿ ತುರಿಸಬೇಕು ಅಂತ ತೋರಿಸಿ ಹೋಗಿ. ಇದನ್ನ ಅಣ್ಣನಿಗೆ ತೋರಿಸಿ.'

ಮತ್ತೊಮ್ಮೆ ಓದಿದರೆ ತಿದ್ದುತ್ತೇನೆಂದು ಗೊತ್ತಿದ್ದರಿಂದ ಓದದೆ ಲಕೋಟೆಗೆ ಹಾಕಿ, ನಾಲಗೆಯಿಂದಲೇ ಅಂಟಿಸಿ, ಗೇಟಿನ ಪಕ್ಕದ ಗೋಡೆಗೆ ಹುಗಿದಿದ್ದ ಅಂಚೆಡಬ್ಬಿಗೆ ನಡೆದುಹೋಗಿ ಹಾಕಿಬಿಟ್ಟಳು. ಒಳಗೆ ಅದು ತಟ್ಟೆಂದು ಬಿತ್ತು.

ಬಿದ್ದ ಸದ್ದು ಕೇಳಿದ್ದೇ ತಡ, ಅವಳಿಗೆ ಎಲ್ಲ ಒಟ್ಟಿಗೆ ನೆನಪಾಯಿತು. ಬಲೂನಿನ ಬುಟ್ಟಿ. ಬೆಡ್‌ಪ್ಯಾನಿನ ಬಿಳಿ. ಗೋಡೆಯ ಕಡೆ ತಿರುಗಿದ ಅಣ್ಣನ ಕತ್ತು. 'ಕೇಳಿಸಿತ್ತು' ಎಂದು ಬರೆದುಬಿಟ್ಟೆನಲ್ಲ, ಅದನ್ನು ಓದಿದ ಮೇಲೆ ಅವನ ಮುಖ ನೋಡುವುದು ಹೇಗೆ? ಅದೊಂದು ವಾಕ್ಯ ತೆಗೆದು ಮತ್ತೆ ಹಾಕಿದರೆ? ತಾರೀಕನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರೆ? ಅವಸರವೇನು, ಅವರೇ ಹೇಳಿದ್ದಾರಲ್ಲ. ಆರು ಸಂಪುಟಗಳ ಲೇಖಕಿ ಅತ್ತ ಇತ್ತ ನೋಡಿ, ಡಬ್ಬಿಯ ಬಾಯಿಗೆ ಕೈ ತೂರಿಸಿದಳು. ಬೆರಳ ತುದಿಗೆ ಲಕೋಟೆಯ ಅಂಚು ತಾಗಿದ ಹಾಗಾಯಿತು. ಇನ್ನೂ ತೂರಿಸಿದಳು. ಗಡಿಯಾರ ತಗಡಿನ ಅಂಚಿಗೆ ಕಚ್ಚಿಕೊಂಡಿತು. ಈಗ ಕೈ ಒಳಗೂ ಹೋಗದು, ಹೊರಗೂ ಬಾರದು. ಅಷ್ಟರಲ್ಲಿ ಶಾಲೆ ಬಿಟ್ಟಿತು.

ಹುಡುಗಿಯರು ಸಾಲುಸಾಲಾಗಿ ಅವಳ ಪಕ್ಕದಲ್ಲೇ ಹಾದುಹೋದರು. ನಾಳೆ ಭಾಷಣ ಮಾಡುವವರು ಇವರೇ ಎಂದು ಒಬ್ಬಳು ಇನ್ನೊಬ್ಬಳಿಗೆ ಪಿಸುಗುಟ್ಟಿದ್ದು ಕೇಳಿಸಿತು. ಹಿಂದೆಯೇ ಹೆಡ್‌ಮಿಸ್ಟ್ರೆಸ್ ಬಂದರು. ಅವರ ಕಣ್ಣು ಡಬ್ಬಿಯೊಳಗೆ ಮಾಯವಾಗಿದ್ದ ಕೈಯ ಮೇಲೆ ಹೋಗಿ, ವಿನಯದಿಂದ ಹಿಂದಕ್ಕೆ ಬಂತು. ಲೇಖಕಿಗೆ ಏನಾದರೂ ಮಾತಾಡಬೇಕಿತ್ತು. ಆ ಮನೆಗೆ ಬಾಗಿಲೇ ಇರಲಿಲ್ಲವಂತೆ, ಅವರು ತಿರುಗಿಯೂ ಬಂದಿದ್ದರಂತೆ ಎಂದಳು. ಹೆಡ್‌ಮಿಸ್ಟ್ರೆಸ್ ತಲೆಯೆತ್ತಿ ಪರದೆ ಮುಚ್ಚಿದ ಕಲ್ಲನ್ನು ನೋಡಿದರು.

"ಕೊರೆದಾಯ್ತಲ್ಲ ಮೇಡಂ," ಎಂದರು ಸಮಾಧಾನ ಹೇಳುವವರ ಹಾಗೆ. "ಓದೋದಕ್ಕೆ ಚೆನ್ನಾಗಿದೆ, ಇರಲಿ ಬಿಡಿ."

ಅವರು ಹೋದ ಮೇಲೆ ಲೇಖಕಿ ಹಲ್ಲು ಕಚ್ಚಿ, ಬಲಗಡೆಯ ದವಡೆ ಚುಳುಕ್ಕೆಂದರೂ ಬಿಡದೆ, ಕೈಯನ್ನು ಎಳೆದಳು. ಕೈ ತರಚಿಕೊಂಡು ಹೊರಗೆ ಬಂತು. ಗಡಿಯಾರ ಒಳಗೆ ಬಿತ್ತು.

ಆದ್ದರಿಂದ ಕಾಯಬೇಕಾಯಿತು. ಗೇಟಿನ ಕಟ್ಟೆಯ ಮೇಲೆ ಕೂತು, ಮಣಿಕಟ್ಟಿನ ಗೀರಿಗೆ ಉಗುಳು ಹಚ್ಚಿಕೊಳ್ಳುತ್ತ ಕಾದಳು. ಬೇರೆಯವರನ್ನು ಕಾಯಿಸಿ ಗೊತ್ತಿದ್ದವಳೇ ಹೊರತು ಅಂಚೆಯವನಿಗಾಗಿ ಎಂದೂ ಕಾದವಳಲ್ಲ. ಬೀದಿಯಲ್ಲಿ ಸೈಕಲ್ಲಿನ ಸದ್ದಾದಾಗೆಲ್ಲ ಎದ್ದು ನಿಂತಳು. ಹಾಲಿನವನು, ಒಬ್ಬ ಮೇಷ್ಟ್ರು, ಸುಮ್ಮನೆ ಹೋಗುವವನೊಬ್ಬ. ಪ್ರತಿ ಸಲವೂ ಕೈಯನ್ನು ಬಟ್ಟೆಗೆ ಒರೆಸಿಕೊಂಡೇ ಎದ್ದಿದ್ದಳು. ಅದು ಅವಳ ಗಮನಕ್ಕೆ ಬಂದದ್ದು ಆಮೇಲೆ.

ಅಂಚೆಯವನು ಬಂದ. ದಢೂತಿ ಆಸಾಮಿ, ಯಾರ ಗೊಡವೆಯೂ ಬೇಡದ ಮುಖ. ಡಬ್ಬಿಯ ಬೀಗ ತೆಗೆದು, ಕಾಗದಗಳನ್ನು ಬಾಚಿ ಚೀಲಕ್ಕೆ ತುಂಬುತ್ತಿದ್ದವನ ಕೈಗೆ ಗಡಿಯಾರ ಸಿಕ್ಕಿತು. ಅದನ್ನು ಕಿವಿಗಿಟ್ಟು ನೋಡಿದ.

"ನಂದು," ಎಂದಳು ಲೇಖಕಿ.

ಅವನು ಅವಳ ಮಣಿಕಟ್ಟಿನ ಗೀರು ನೋಡಿದ. ಈ ಕೆಲಸದಲ್ಲಿ ಅವನು ಎಷ್ಟು ಗೀರು ಕಂಡಿದ್ದನೋ. ಗಡಿಯಾರ ಕೊಟ್ಟ. ಚೀಲದ ಬಾಯಿ ಇನ್ನೂ ತೆರೆದಿತ್ತು. ಎಲ್ಲಕ್ಕಿಂತ ಮೇಲೆ ಅವಳ ಲಕೋಟೆ, ಮೂಲೆ ಸವೆದದ್ದು, ಅತ್ತಿಗೆಯ ಹೆಸರು ಮೇಲಕ್ಕೆ ಮಾಡಿಕೊಂಡು ಮಲಗಿತ್ತು. ಕೈ ಚಾಚಿದರೆ ಸಿಗುವಷ್ಟು ದೂರ. ಅವನು ದಾರವನ್ನು ಬೆರಳಿಗೆ ಸುತ್ತಿಕೊಂಡು ಕೇಳಿದ:

"ಇನ್ನೇನಾದ್ರೂ ನಿಮ್ದು ಇದೆಯಾ ಇದ್ರಲ್ಲಿ? ಈಗ್ಲೇ ಹೇಳಿ. ಕಟ್ಟಿದ್ಮೇಲೆ ನಾನು ಬಿಚ್ಚೋಲ್ಲ."

ಲೇಖಕಿ ಲಕೋಟೆಯನ್ನು ನೋಡಿದಳು. ಬಾಯಿ ತೆರೆದಳು. ಅಲ್ಲಾಡುವ ಹಲ್ಲಿಗೆ ನಾಲಗೆ ತಾಗಿತು.

"ಇಲ್ಲ," ಎಂದಳು.

ಅವನು ದಾರ ಎಳೆದು ಗಂಟು ಹಾಕಿ, ಚೀಲವನ್ನು ಸೈಕಲ್ಲಿನ ಹಿಂದಕ್ಕೆ ಎಸೆದು, ಹತ್ತಿ ಹೊರಟ. ಲೇಖಕಿ ಗಡಿಯಾರ ಕಟ್ಟಿಕೊಳ್ಳಲು ನೋಡಿ, ಕೊಂಡಿ ಮುರಿದಿದ್ದರಿಂದ ಅದನ್ನು ಕೈಚೀಲದ ಒಳಜೇಬಿಗೆ ಹಾಕಿದಳು. ಅಲ್ಲಿ ಈಗ ಒಂದು ಲಕೋಟೆಯಷ್ಟು ಜಾಗವಿತ್ತು. ಆಮೇಲೆ ಬೀದಿಯ ಮಧ್ಯಕ್ಕೆ ಬಂದು, ತಿರುವಿನಲ್ಲಿ ಮರೆಯಾಗುವವರೆಗೂ ಆ ಸೈಕಲ್ಲನ್ನೇ ನೋಡುತ್ತ ನಿಂತಳು. ಅವನೇನೂ ತಿರುಗಿ ನೋಡಲಿಲ್ಲ. ಮುಂದಿನ ಡಬ್ಬಿಗೆ ಹೊತ್ತಾಗಿತ್ತು ಅವನಿಗೆ.